ರೈಟರ್‌ನಲ್ಲಿ ಬಣ್ಣ, ಫಾಂಟು ಒಮ್ಮೆ ಹಾಕಿದರೆ ಎಲ್ಲ ಫೈಲಿಗೂ ಬರುವ ಹಾಗೆ ಮಾಡೋದು ಹೇಗೆ?

ನಿಮ್ಮ ಸಂಘದ ಕುಂಕುಮ ಬಣ್ಣ ಲಿಬ್ರೆಆಫೀಸ್ ರೈಟರ್‌ನ ಪಟ್ಟಿಯಲ್ಲೇ ಇಲ್ಲ, ಪ್ರತಿ ತಿಂಗಳ ವರದಿಗೂ ತಲೆಬರಹದ ಫಾಂಟು, ಬಣ್ಣ ಮತ್ತೆ ಮತ್ತೆ ಹಾಕಬೇಕು, ಒಮ್ಮೆ ಮಾಡಿಟ್ಟುಕೊಳ್ಳೋಕೆ ಆಗಲ್ವಾ ಅಂತ ಕೇಳಿದ್ದೀರಿ. ಖಂಡಿತ ಆಗುತ್ತದೆ. ಆದರೆ ಬಣ್ಣವನ್ನು ಅಕ್ಷರಕ್ಕೆ ನೇರವಾಗಿ ಹಾಕಬೇಡಿ, ಸ್ಟೈಲ್‌ಗೆ ಹಾಕಿ. ಸ್ಟೈಲ್ ಅಂದರೆ ಫಾಂಟು, ಅಳತೆ, ಬಣ್ಣ ಎಲ್ಲವನ್ನೂ ಒಂದೇ ಹೆಸರಿನಲ್ಲಿ ಸೇರಿಸಿಟ್ಟದ್ದು.

ಮೊದಲು ಬಣ್ಣ. ಫಾರ್ಮ್ಯಾಟ್, ಪ್ಯಾರಾಗ್ರಾಫ್‌ಗೆ ಹೋಗಿ ಏರಿಯಾ ಟ್ಯಾಬ್‌ನಲ್ಲಿ ಕಲರ್ ಒತ್ತಿ. ಹೆಕ್ಸ್ ಅನ್ನೋ ಜಾಗದಲ್ಲಿ ನಿಮ್ಮ ಬಣ್ಣದ ಆರು ಅಂಕೆ-ಅಕ್ಷರದ ಕೋಡ್ ಹಾಕಿ, ಆ್ಯಡ್ ಒತ್ತಿ, ಹೆಸರು ಕೊಡಿ. ಆಮೇಲೆ ಓಕೆ ಬೇಡ, ಕ್ಯಾನ್ಸಲ್ ಒತ್ತಿ, ಇಲ್ಲದಿದ್ದರೆ ಪ್ಯಾರಾದ ಹಿನ್ನೆಲೆಗೆ ಅದೇ ಬಣ್ಣ ಬಂದುಬಿಡುತ್ತದೆ. ಇನ್ನು ಮುಂದೆ ಬಣ್ಣದ ಪಟ್ಟಿ ತೆರೆದು ಕಸ್ಟಮ್ ಅಂತ ಆರಿಸಿದರೆ ಅಲ್ಲಿರುತ್ತದೆ. ಈ ಪಟ್ಟಿ ನಿಮ್ಮ ಕಂಪ್ಯೂಟರಿನಲ್ಲಿ ಮಾತ್ರ ಇರುತ್ತದೆ, ಫೈಲ್ ಜೊತೆ ಹೋಗುವುದಿಲ್ಲ. ಆದರೆ ಸ್ಟೈಲ್‌ಗೆ ಹಾಕಿದ ಬಣ್ಣ ಫೈಲ್ ಎಲ್ಲಿ ಹೋದರೂ ಜೊತೆಗೆ ಹೋಗುತ್ತದೆ.

ಈಗ ಎಫ್11 ಒತ್ತಿ. ಬದಿಯಲ್ಲಿ ಸ್ಟೈಲ್‌ಗಳ ಪಟ್ಟಿ ಬರುತ್ತದೆ. ತಲೆಬರಹದ ಸ್ಟೈಲ್ ಆದ ಹೆಡಿಂಗ್ 1 ಮೇಲೆ ರೈಟ್ ಕ್ಲಿಕ್ ಮಾಡಿ ಎಡಿಟ್ ಸ್ಟೈಲ್ ಆರಿಸಿ, ಫಾಂಟ್ ಎಫೆಕ್ಟ್ಸ್‌ನಲ್ಲಿ ಬಣ್ಣ ಕೊಡಿ. ಹೆಡಿಂಗ್ 1 ಅನ್ನೇ ಬಳಸಿ ಅಂತ ಹೇಳೋದಕ್ಕೆ ಕಾರಣ ಇದೆ, ಪರಿವಿಡಿ ತಾನಾಗಿ ತಯಾರಾಗುವುದು ಅದರಿಂದಲೇ. ಬೇರೆ ಸ್ಟೈಲ್ ಬೇಕಿದ್ದರೆ ಒಂದು ಪ್ಯಾರಾವನ್ನು ಬೇಕಾದಂತೆ ಸಿದ್ಧಮಾಡಿ ಶಿಫ್ಟ್ ಜೊತೆ ಎಫ್11 ಒತ್ತಿ, ಹೆಸರು ಕೇಳುತ್ತದೆ, ಅಷ್ಟೇ.

ಕನ್ನಡದವರಿಗೆ ಜಾಸ್ತಿ ತೊಂದರೆ ಆಗೋದು ಫಾಂಟ್ ಟ್ಯಾಬ್‌ನಲ್ಲಿ. ರೈಟರ್ ಕನ್ನಡವನ್ನು ಇಂಗ್ಲಿಷ್‌ನಿಂದ ಬೇರೆ ಮಾಡಿ ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್ ಅನ್ನೋ ಗುಂಪಿಗೆ ಸೇರಿಸುತ್ತದೆ. ಫಾಂಟು, ಅಳತೆ, ಬೋಲ್ಡ್ ಮೂರೂ ಆ ಗುಂಪಿಗೆ ಬೇರೆಯಾಗಿಯೇ ಇರುತ್ತವೆ, ಬಣ್ಣ ಮಾತ್ರ ಎರಡಕ್ಕೂ ಒಂದೇ. ಇಂಗ್ಲಿಷ್‌ಗಿರುವ ವೆಸ್ಟರ್ನ್ ಭಾಗದಲ್ಲಿ ನೀವು 20 ಅಂತ ಅಳತೆ ಕೊಟ್ಟರೂ ಕನ್ನಡದ ಸಾಲು ಸ್ವಲ್ಪವೂ ಬದಲಾಗದಿದ್ದರೆ ಸ್ಟೈಲ್ ಕೆಟ್ಟಿಲ್ಲ, ಕಾಂಪ್ಲೆಕ್ಸ್ ಭಾಗದಲ್ಲೂ ನೋಟೋ ಸೆರಿಫ್ ಕನ್ನಡವೋ ನಿಮಗೆ ಬೇಕಾದದ್ದೋ ಆರಿಸಿ ಅಳತೆ ಕೊಡಿ. ಆ ಭಾಗವೇ ಕಾಣದಿದ್ದರೆ ಟೂಲ್ಸ್, ಆಪ್ಷನ್ಸ್‌ನ ಭಾಷೆಯ ವಿಭಾಗದಲ್ಲಿ ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್‌ಗೆ ಟಿಕ್ ಹಾಕಿ.

ಎಲ್ಲ ಸರಿಯಾದ ಮೇಲೆ ಬರಹ ಅಳಿಸಿ, ಇದನ್ನು ಟೆಂಪ್ಲೇಟ್ ಆಗಿ, ಅಂದರೆ ಹೊಸ ಫೈಲುಗಳಿಗೆ ಮಾದರಿಯಾಗಿ ಉಳಿಸಿ: ಫೈಲ್, ಟೆಂಪ್ಲೇಟ್ಸ್, ಸೇವ್ ಆ್ಯಸ್ ಟೆಂಪ್ಲೇಟ್. ಡೀಫಾಲ್ಟ್ ಮಾಡಿ ಅನ್ನೋದಕ್ಕೂ ಟಿಕ್ ಹಾಕಿದರೆ ಪ್ರತಿ ಹೊಸ ಫೈಲೂ ಹೀಗೇ ತೆರೆಯುತ್ತದೆ. ಮುಂದೆ ಟೆಂಪ್ಲೇಟ್‌ನಲ್ಲಿ ಬಣ್ಣ ಬದಲಿಸಿದರೆ, ಅದರಿಂದ ಮಾಡಿದ ಹಳೆ ಫೈಲುಗಳನ್ನು ತೆರೆದಾಗ ಸ್ಟೈಲ್ ಹೊಸದು ಮಾಡಲೇ ಅಂತ ರೈಟರೇ ಕೇಳುತ್ತದೆ. ನನಗಂತೂ ಟೆಂಪ್ಲೇಟ್‌ನಲ್ಲಿ ತುಂಬಾ ಇಷ್ಟವಾದದ್ದು ಇದೇ.

ಕೈಯಲ್ಲೇ ಬಣ್ಣ ಹಾಕಿದ ಹಳೆ ವರದಿಗಳಲ್ಲಿ ಸ್ಟೈಲ್ ಕೊಟ್ಟರೂ ಹಳೆ ಬಣ್ಣವೇ ಉಳಿಯುತ್ತದೆ. ಆ ಸಾಲು ಆರಿಸಿ ಕಂಟ್ರೋಲ್ ಎಂ ಒತ್ತಿ. ಇದು ಕೈಯಲ್ಲಿ ಹಾಕಿದ ಬೋಲ್ಡ್, ಇಟಾಲಿಕ್ಕನ್ನೂ ತೆಗೆಯುತ್ತದೆ, ಹಾಗಾಗಿ ಇಡೀ ಫೈಲಿಗೆ ಮಾಡಬೇಡಿ. ಹಾಗೇ ಹಳೆ ನುಡಿ ಫಾಂಟಿನಲ್ಲಿ, ಅಂದರೆ ಯುನಿಕೋಡ್ ಅಲ್ಲದೆ ಟೈಪ್ ಮಾಡಿದ್ದಿದ್ದರೆ, ರೈಟರ್‌ಗೆ ಅದು ಇಂಗ್ಲಿಷ್ ಅಕ್ಷರಗಳೇ. ಸ್ಟೈಲ್‌ನಿಂದ ಫಾಂಟು ಬದಲಾದ ತಕ್ಷಣ ಅರ್ಥವಿಲ್ಲದ ಅಕ್ಷರಗಳಾಗಿ ಕಾಣುತ್ತದೆ. ಅಂಥ ಫೈಲನ್ನು ಮೊದಲು ಕನ್ವರ್ಟರ್‌ನಲ್ಲಿ ಯುನಿಕೋಡಿಗೆ ಬದಲಿಸಿಕೊಂಡು ಒತ್ತಕ್ಷರಗಳನ್ನು ಒಮ್ಮೆ ಓದಿ ನೋಡಿ, ಆಮೇಲೆ ಸ್ಟೈಲ್ ಹಾಕಿ.