ಹಿತ್ತಿಲ ಪ್ರಶ್ನೋತ್ತರ: ಚಿಟ್ಟೆಗೆಂದು ಎಕ್ಕ ಬೆಳೆಸುವವರಿಗೆ

ಪ್ರಶ್ನೆ: ನರ್ಸರಿಯಿಂದ ‘ಮಿಲ್ಕ್‌ವೀಡ್’ ಎಂಬ, ಕೆಂಪು-ಹಳದಿ ಹೂಗೊಂಚಲಿನ ಎರಡು ಗಿಡಗಳನ್ನು ತಂದು ಅಂಗಳದ ಬದಿಯಲ್ಲಿ ನೆಟ್ಟಿದ್ದೆ. ಇವುಗಳಿಗೆ ಮೊನಾರ್ಕ್ ಚಿಟ್ಟೆ ಬರುತ್ತದೆ ಎಂದಿದ್ದರು. ಈಗ ಕಪ್ಪು, ಹಳದಿ, ಬಿಳಿ ಪಟ್ಟೆಯ ಹುಳುಗಳು ಎಲೆಗಳನ್ನೆಲ್ಲ ತಿಂದು ಬರಿಯ ಕಡ್ಡಿ ಉಳಿಸಿವೆ. ಬೇವಿನೆಣ್ಣೆ ಹೊಡೆ ಎನ್ನುತ್ತಾರೆ ನಮ್ಮತ್ತೆ. ಏನು ಮಾಡಲಿ?
— ಓದುಗರು, ಸದಾಶಿವಗಡ, ಕಾರವಾರ

ಉತ್ತರ: ಬೇವಿನೆಣ್ಣೆ ಬೇಡ. ನೀವು ಕರೆದ ನೆಂಟರೇ ಬಂದು ಎಲೆಯ ಮುಂದೆ ಕುಳಿತಿದ್ದಾರೆ, ಹೆಸರು ಮಾತ್ರ ಬೇರೆ. ಮೊನಾರ್ಕ್ ಅಮೆರಿಕ ಖಂಡದ ಚಿಟ್ಟೆ. ನಮ್ಮ ಕರಾವಳಿಯಲ್ಲಿ ಅದು ಹಾರುವುದಿಲ್ಲ. ನಿಮ್ಮಲ್ಲಿಗೆ ಬಂದಿರುವುದು ಅದರ ದಾಯಾದಿಯಾದ ಪ್ಲೇನ್ ಟೈಗರ್. ಅನುಮಾನವಿದ್ದರೆ ಒಂದು ಹುಳುವನ್ನು ಹತ್ತಿರದಿಂದ ನೋಡಿ: ಮೈಮೇಲೆ ಮೀಸೆಯಂತಹ ಕಪ್ಪು ಎಳೆಗಳು ತಲೆಯ ಬಳಿ ಒಂದು ಜೊತೆ, ಬಾಲದ ಬಳಿ ಒಂದು ಜೊತೆ, ನಡುವೆ ಮತ್ತೊಂದು ಜೊತೆ ಇರುತ್ತವೆ. ಮೊನಾರ್ಕ್ ಹುಳುವಿಗೆ ಆ ನಡುವಿನ ಜೊತೆ ಇರುವುದಿಲ್ಲ.

ನೀವು ತಂದ ಗಿಡವೂ ಅಮೆರಿಕದ ಉಷ್ಣವಲಯದ ಮೂಲದ್ದು. ಕೆಲವರು ಅದನ್ನು ಕಾಕತುಂಡಿ ಎನ್ನುತ್ತಾರೆ. ಇದ್ದದ್ದನ್ನು ಕಿತ್ತು ಹಾಕಬೇಕಿಲ್ಲ, ಆದರೆ ದುಡ್ಡು ಕೊಟ್ಟು ಇನ್ನಷ್ಟು ತರುವ ಅಗತ್ಯವೂ ಇಲ್ಲ. ಕಡಲದಂಡೆಯ ಮರಳಿನಲ್ಲಿ, ರಸ್ತೆ ಬದಿಯಲ್ಲಿ ಯಾರೂ ನೀರೆರೆಯದೆ ಬೆಳೆಯುವ ನಮ್ಮ ಎಕ್ಕ ಅದೇ ಕುಟುಂಬದ ಗಿಡ, ಮತ್ತು ಪ್ಲೇನ್ ಟೈಗರ್‌ಗೆ ಬಲು ಮೆಚ್ಚಿನ ಮನೆ. ಗಣಪತಿಗೆ ಹೂವು, ರಥಸಪ್ತಮಿಯ ಸ್ನಾನಕ್ಕೆ ಎಲೆ ಎಂದು ವರ್ಷಕ್ಕೆರಡು ಸಲ ಹುಡುಕಿಕೊಂಡು ಹೋಗುವ ಗಿಡವನ್ನು ಹಿತ್ತಿಲಿನಲ್ಲಿ ನೆಡಲು ಮಾತ್ರ ನಾವು ಹಿಂಜರಿಯುವುದೇಕೋ ನನಗೆ ತಿಳಿದಿಲ್ಲ.

ದೊಡ್ಡ ಎಕ್ಕವನ್ನು ಕಿತ್ತು ತಂದರೆ ತಾಯಿಬೇರು ತುಂಡಾಗಿ ಅದು ಬದುಕುವುದು ಕಷ್ಟ. ಕಾಯಿ ಒಡೆದು ರೇಷ್ಮೆಯಂತಹ ಅರಳೆಯೊಂದಿಗೆ ಹಾರುವ ಬೀಜವನ್ನು ಹಿಡಿದು ಕೊಟ್ಟೆಯಲ್ಲಿ ಬಿತ್ತಿ, ಅಥವಾ ಹೆಬ್ಬೆರಳು ದಪ್ಪದ ಟೊಂಗೆಯನ್ನು ಕತ್ತರಿಸಿ, ಹಾಲು ಒಣಗಲು ಒಂದೆರಡು ದಿನ ನೆರಳಿನಲ್ಲಿಟ್ಟು ನೆಡಿ. ಗೊಬ್ಬರದ ಚಿಂತೆ ಬೇಡ. ಇಡೀ ದಿನದ ಬಿಸಿಲು ಬೇಕು, ಬುಡದಲ್ಲಿ ನೀರು ನಿಲ್ಲಬಾರದು. ನಮ್ಮ ಆಷಾಢದ ಮಳೆಯಲ್ಲಿ ಎಕ್ಕ ಸಾಯುವುದು ಹೆಚ್ಚಾಗಿ ಬೇರು ಕೊಳೆತೇ ಆದ್ದರಿಂದ, ಮರಳು ಬೆರೆಸಿದ ಮಣ್ಣಿನ ದಿಬ್ಬವೊಂದನ್ನು ಮಾಡಿ ಅದರ ಮೇಲೆ ನೆಡುವುದು ಒಳ್ಳೆಯದು. ಒಂದರ ಬದಲು ಮೂರು ಗಿಡಗಳಿದ್ದರೆ ಒಂದು ಬೋಳಾದಾಗ ಹುಳುಗಳನ್ನು ಇನ್ನೊಂದಕ್ಕೆ ದಾಟಿಸಬಹುದು. ಬೋಳಾದ ಗಿಡ ಮತ್ತೆ ಚಿಗುರುತ್ತದೆ. ಮಳೆಗಾಲ ಮುಗಿದ ಮೇಲೆ ಮೂರರಲ್ಲಿ ಒಂದನ್ನು ತಗ್ಗಿಸಿ ಕಡಿದರೆ, ತಾಯಿಚಿಟ್ಟೆ ಆ ಎಳೆಯ ಚಿಗುರನ್ನೇ ಹುಡುಕಿ ಬಂದು ಎಲೆಗೊಂದರಂತೆ ಬಿಳಿಯ ಮೊಟ್ಟೆ ಇಡುತ್ತದೆ.

ಬಿಡುವಿದ್ದಾಗ ಬಲಿತ ಹುಳುವೊಂದು ಉಣ್ಣುವ ಕ್ರಮವನ್ನು ಕುಳಿತು ನೋಡಿ. ಅದು ಮೊದಲು ಎಲೆಯ ನಡುನರವನ್ನು ಕಚ್ಚಿ ಹಾಲಿನ ಹರಿವನ್ನು ತಡೆಯುತ್ತದೆ. ಎಲೆ ಜೋತುಬಿದ್ದ ಮೇಲೆ ತುದಿಯ ಭಾಗವನ್ನು ನಿಶ್ಚಿಂತೆಯಿಂದ ಮೇಯುತ್ತದೆ. ಗಿಡದ ವಿಷ ಅದರ ಮೈಯಲ್ಲೇ ಉಳಿದು ಚಿಟ್ಟೆಯಾದ ಮೇಲೂ ಕಾಯುವುದರಿಂದ, ಒಮ್ಮೆ ತಿಂದು ಕಹಿಯುಂಡ ಹಕ್ಕಿ ಆ ಕಿತ್ತಳೆ ಬಣ್ಣವನ್ನು ಮತ್ತೆ ಮುಟ್ಟಲು ಅಂಜುತ್ತದೆ.

ಕಾಂಡದ ಮೇಲೆ ಹಳದಿ ಹೇನು ಮುತ್ತಿದರೆ ಒದ್ದೆ ಬೆರಳಿನಿಂದ ಒರೆಸಿ ತೆಗೆಯಿರಿ, ಔಷಧ ಹೊಡೆಯಬೇಡಿ. ಎಕ್ಕದ ಹಾಲು ಕಣ್ಣಿಗೆ ತಾಗಿದರೆ ನೋವು ಕಾಣದಿದ್ದರೂ ಕಣ್ಣು ಮಂಜಾಗುವುದುಂಟು. ಕಡಿಯುವಾಗ ಕೈಗವಸು ಹಾಕಿ, ತಾಗಿದರೆ ತುಂಬ ನೀರಿನಿಂದ ತೊಳೆದು ವೈದ್ಯರಿಗೆ ತೋರಿಸಿ.

ಪ್ರಶ್ನೆ: ನಮ್ಮದು ಅಡಿಕೆ ತೋಟದ ಮಗ್ಗುಲಿನ ಮನೆ, ಬಿಸಿಲು ಕಡಿಮೆ. ಎರಡು ಸಲ ನೆಟ್ಟ ಎಕ್ಕ ಎರಡೂ ಸಲ ಮಳೆಗಾಲದಲ್ಲಿ ಸತ್ತಿತು. ಬೇರೆ ದಾರಿಯಿದೆಯೇ?
— ಓದುಗರು, ಶಿರಸಿ ತಾಲ್ಲೂಕು

ಉತ್ತರ: ಎಕ್ಕವನ್ನು ಬಿಟ್ಟುಬಿಡಿ, ಅದು ನಿಮ್ಮ ಜಾಗದ ಗಿಡವಲ್ಲ. ಅದೇ ಬಳಗದ ಬಳ್ಳಿಗಳು ಮಲೆನಾಡಿನಲ್ಲಿ ಬೇಕಾದಷ್ಟಿವೆ. ಆಡುಮುಟ್ಟದ ಬಳ್ಳಿಯನ್ನು ಬೇಲಿಗೆ ಹಬ್ಬಿಸಿದರೆ ಗ್ಲಾಸಿ ಟೈಗರ್ ಎಂಬ ಚಿಟ್ಟೆ ಮೊಟ್ಟೆಯಿಡುತ್ತದೆ. ಶರಬತ್ತಿಗೆಂದು ಬೇರು ಅಗೆಯುವ ಸೊಗದೆಯ ಎಲೆ ಕಾಮನ್ ಕ್ರೋ ಎಂಬ ಕಂದು ಚಿಟ್ಟೆಯ ಮರಿಗೆ ಆಹಾರ; ಆ ಮರಿ ಕಣಗಿಲೆಯ ಮೇಲೂ ಬೆಳೆಯುತ್ತದೆ. ಜೊತೆಗೆ, ಒಣಗಿದ ಕಾಯಿ ಅಲುಗಿಸಿದರೆ ಗಿಜಿಗಿಜಿ ಎನ್ನುವ, ಸೆಣಬಿನ ಜಾತಿಯ ಗಿಡಗಳನ್ನು ಬಿಸಿಲು ಬೀಳುವ ಅಂಚಿನಲ್ಲಿ ಬೆಳೆಸಿ. ಬಾಡಿದ ಅದರ ಎಲೆ, ಕಾಂಡಗಳನ್ನು ಕೆರೆದು ರಸ ಹೀರಲು ಈ ಚಿಟ್ಟೆಗಳ ಗಂಡುಗಳು ಗುಂಪಾಗಿ ಬರುತ್ತವೆ, ಏಕೆಂದರೆ ಹೆಣ್ಣನ್ನು ಒಲಿಸುವ ಪರಿಮಳವನ್ನು ತಯಾರಿಸಲು ಅವುಗಳಿಗೆ ಇಂತಹ ಗಿಡಗಳ ರಸ ಬೇಕು.

ಪ್ರಶ್ನೆ: ಮಗಳು ಎಕ್ಕದ ಹುಳುವನ್ನು ಬಾಟಲಿಯಲ್ಲಿ ಸಾಕಿದ್ದಳು. ಅದು ಕೋಶವಾಗಿದೆ, ಆದರೆ ಮುಚ್ಚಳ ತೆಗೆಯುವಾಗ ಉದುರಿಬಿತ್ತು. ಬದುಕೀತೇ?
— ಓದುಗರು, ಹೊನ್ನಾವರ

ಉತ್ತರ: ಒಡೆದಿಲ್ಲವಾದರೆ ಬದುಕಬಹುದು. ಕೋಶದ ತುದಿಯ ಕಪ್ಪು ತೊಟ್ಟಿಗೆ ಹೊಲಿಗೆಯ ದಾರವನ್ನು ಸಡಿಲವಾಗಿ ಕಟ್ಟಿ, ತಲೆ ಕೆಳಗಾಗುವಂತೆ ಕಡ್ಡಿಯೊಂದಕ್ಕೆ ತೂಗುಹಾಕಿ. ಬಾಟಲಿಯೊಳಗೆ ಮಾತ್ರ ಬೇಡ. ಹೊರಬಂದ ಚಿಟ್ಟೆಗೆ ಒದ್ದೆ ರೆಕ್ಕೆಗಳನ್ನು ಇಳಿಬಿಟ್ಟು ಬಿಚ್ಚಿಕೊಳ್ಳಲು ಜಾಗ ಸಾಲದಿದ್ದರೆ ಅವು ಸುರುಟಿಕೊಂಡೇ ಗಟ್ಟಿಯಾಗುತ್ತವೆ. ಸುಮಾರು ಒಂದು ವಾರ ಕಾಯಿರಿ. ಕೋಶದ ಗೋಡೆ ಪಾರದರ್ಶಕವಾಗಿ ಒಳಗಿನ ಕಿತ್ತಳೆ ಬಣ್ಣ ಕಂಡರೆ, ಮರುದಿನ ಬೆಳಿಗ್ಗೆ ಮಗಳನ್ನು ಸ್ವಲ್ಪ ಬೇಗ ಎಬ್ಬಿಸಿ.