ಎಲ್ಲರಿಗೂ ದುಡ್ಡು ಕೊಟ್ರೆ ಕಂಡಿಕೆ ಸುತ್ತೋರು ಯಾರು?

ಪ್ರಶ್ನೆ: ಬನಹಟ್ಟಿಯಲ್ಲಿ ನಮ್ಮದು ನಾಲ್ಕು ಪವರ್‌ಲೂಮ್ ಇವೆ. ಗೃಹಲಕ್ಷ್ಮಿ ಶುರುವಾದ ಮೇಲೆ ಕಂಡಿಕೆ (ಮಗ್ಗದ ಲಾಳಿಗೆ ಹಾಕೋ ನೂಲಿನ ಸುರುಳಿ) ಸುತ್ತಲು ಹೆಣ್ಣುಮಕ್ಕಳು ಸಿಗುತ್ತಿಲ್ಲ. ಈಗ ನನ್ನ ಮಗಳು, ಸರ್ಕಾರ ದೇಶದ ಎಲ್ಲರಿಗೂ ತಿಂಗಳಿಗೆ ಇಷ್ಟು ಅಂತ ಕೊಡಬೇಕು, ಸಾರ್ವತ್ರಿಕ ಮೂಲ ಆದಾಯ ಬರಬೇಕು ಅಂತ ದಿನಾ ವಾದ ಮಾಡ್ತಾಳೆ. ಹಾಗಾದ್ರೆ ಕೆಲಸಕ್ಕೆ ಯಾರು ಬರ್ತಾರೆ ಮೇಡಂ?
- ಮಗ್ಗದ ಮಾಲೀಕ, ಬನಹಟ್ಟಿ

ಉತ್ತರ: ನೋಡ್ರಿ ಅಣ್ಣಾರೆ, ಗೃಹಲಕ್ಷ್ಮಿಯೇ ಬೇರೆ, ಇದೇ ಬೇರೆ. ಗೃಹಲಕ್ಷ್ಮಿಯ 2,000 ರೂಪಾಯಿ ಮನೆಯ ಯಜಮಾನಿಗೆ ಮಾತ್ರ, ಅದೂ ಆದಾಯ ತೆರಿಗೆ ಕಟ್ಟೋ ಮನೆಗೆ ಇಲ್ಲ. ನಿಮ್ಮ ಮಗಳು ಹೇಳೋದರಲ್ಲಿ ನೀವೂ ಬರ್ತೀರಿ, ನಲವತ್ತು ಎಕರೆ ಕಬ್ಬಿನ ಸಾಹುಕಾರನೂ ಬರ್ತಾನೆ. ಕಾರ್ಡ್ ತೋರಿಸು, ದಾಖಲೆ ತಾ ಅನ್ನೋ ಓಡಾಟ ಇಲ್ಲ.

ಇನ್ನು ಸೋಮಾರಿತನದ ಮಾತು. ಫಿನ್ಲೆಂಡಿನಲ್ಲಿ 2017-18ರಲ್ಲಿ ಕೆಲಸ ಇಲ್ಲದ 2,000 ಜನರಿಗೆ ತಿಂಗಳಿಗೆ 560 ಯೂರೋ ಕೊಟ್ಟು ನೋಡಿದರು. ಅವರು ದುಡಿಯೋದು ಕಡಿಮೆಯಾಗಲಿಲ್ಲ, ಒಂಚೂರು ಜಾಸ್ತಿಯೇ ಆಯಿತು. ಅದು ದೂರದ ಮಾತು ಅಂತೀರಾ? ಮಧ್ಯಪ್ರದೇಶದ ಎಂಟು ಹಳ್ಳಿಗಳಲ್ಲಿ 2011ರಿಂದ ‘ಸೇವಾ’ (SEWA) ಅನ್ನೋ ದುಡಿಯುವ ಹೆಣ್ಣುಮಕ್ಕಳ ಸಂಘಟನೆಯವರು ತಿಂಗಳಿಗೆ ದೊಡ್ಡವರಿಗೆ 200, ಮಕ್ಕಳಿಗೆ 100 ರೂಪಾಯಿ ಹಂಚಿದಾಗ ಜನ ಮನೆಯಲ್ಲಿ ಮಲಗಲಿಲ್ಲ, ಕೂಲಿ ಕಡಿಮೆ ಮಾಡಿ ಸ್ವಂತ ಹೊಲ, ಸ್ವಂತ ದನಕರುಗಳ ಕಡೆ ಹೊರಳಿದರು. ಅಂದ್ರೆ ದುಡಿಮೆ ನಿಲ್ಲಲಿಲ್ಲ, ಯಾರದೋ ಹೊಲದ ದುಡಿಮೆ ಕಡಿಮೆಯಾಯಿತು. ನಿಮಗೆ ಬಿಸಿ ತಟ್ಟಿರೋದೂ ಅಲ್ಲೇ, ಅಲ್ವಾ?

ಮುಧೋಳ ಕಡೆ ನಮ್ಮ ದೊಡ್ಡವ್ವ ಇದ್ದಾಳೆ. ಪಾಸ್‌ಬುಕ್ಕನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಜೋಳದ ಡಬ್ಬಿಯೊಳಗೆ ಇಡ್ತಾಳೆ. ಗೃಹಲಕ್ಷ್ಮಿ ದುಡ್ಡು ಬಂದ ದಿನ ಮೊದಲು ಬಿಪಿ ಗುಳಿಗೆ, ಆಮೇಲೆ ಮೊಮ್ಮಗನ ಆಟೋ ಬಾಡಿಗೆ. ಉಳಿದಿದ್ದರಲ್ಲಿ ಎರಡು ಆಡು ಕಟ್ಟಿದ್ದಾಳೆ. ಕೆಲಸ ಬಿಟ್ಟಿಲ್ಲ, ಕೂಲಿಗೆ ತಿಂಗಳುಗಟ್ಟಲೆ ಅಲೆಸುತ್ತಿದ್ದವನ ಹೊಲಕ್ಕೆ ಹೋಗೋದು ಬಿಟ್ಟಿದ್ದಾಳೆ ಅಷ್ಟೇ.

ಹಾಗಂತ ನಾನು ಪೂರ್ತಿ ನಿಮ್ಮ ಮಗಳ ಪಕ್ಷ ಅಂದುಕೋಬೇಡಿ. ನನ್ನ ತಕರಾರು ಬೇರೆ. ಕೇಂದ್ರದ 2016-17ರ ಆರ್ಥಿಕ ಸಮೀಕ್ಷೆ ಒಬ್ಬರಿಗೆ ವರ್ಷಕ್ಕೆ 7,620 ರೂಪಾಯಿ ಅಂತ ಲೆಕ್ಕ ಹಾಕಿತ್ತು. ತಿಂಗಳಿಗೆ 635. ಅಷ್ಟು ದುಡ್ಡು ಎಲ್ಲಿಂದ ತರೋದು ಅಂದಾಗ ಈಗಿರೋ ಸಬ್ಸಿಡಿಗಳ ಮೇಲೇ ಕಣ್ಣು ಬೀಳುತ್ತೆ. ರೇಷನ್ ನಿಲ್ಲಿಸಿ ದುಡ್ಡು ಕೊಟ್ರೆ ಏನಾಗುತ್ತೆ ಅಂತ ನಮಗೇ ಗೊತ್ತು. 2023ರಲ್ಲಿ ಅನ್ನಭಾಗ್ಯದಲ್ಲಿ ಹೆಚ್ಚುವರಿ ಐದು ಕಿಲೋ ಅಕ್ಕಿ ಹೊಂದಿಸೋಕೆ ಆಗದೆ ತಲೆಗೆ 170 ರೂಪಾಯಿ ಕೊಟ್ಟರಲ್ಲ, ಅಂದ್ರೆ ಕಿಲೋಗೆ 34. ಬನಹಟ್ಟಿ ಅಂಗಡಿಯಲ್ಲಿ ಆ ರೇಟಿಗೆ ಒಳ್ಳೆ ಅಕ್ಕಿ ಸಿಕ್ಕಿತಾ? ಅಕ್ಕಿ ರೇಟು ಏರಿದರೂ ಆ 170 ಅಲ್ಲೇ ಇತ್ತು. ಇದನ್ನ ಮಗಳಿಗೆ ಕೇಳಿ, ವಾದಕ್ಕೆ ಒಳ್ಳೆ ಸರಕು.

ಅಂದ ಹಾಗೆ, ಕಂಡಿಕೆಗೆ ಈಗ ಎಷ್ಟು ಕೂಲಿ ಕೊಡ್ತೀರಿ ಅಂತ ನೀವು ಬರೆದೇ ಇಲ್ಲ. ಮುಂದಿನ ಪತ್ರದಲ್ಲಿ ಬರೀರಿ.