ಬಾನೆಟ್ ಮೇಲೆ ಪಟ್ಟಿ ಬಿದ್ದಿದೆ, ಏನು ಮಾಡಲಿ?

ಪ್ರಶ್ನೆ: ಬಿಸಿಲು ಕಣ್ಣಿಗೆ ಹೊಡೆಯದಿರಲಿ ಎಂದು ಹಳೆಯ ಜೀಪಿನ ಬಾನೆಟ್‌ಗೆ ಸ್ಪ್ರೇ ಗನ್ನಿನಲ್ಲಿ ಮ್ಯಾಟ್ ಬ್ಲ್ಯಾಕ್ ಎನಾಮಲ್ ಹೊಡೆದೆ. ಒಣಗಿದ ಮೇಲೆ ಒಂದು ಕಡೆ ಮಿರುಗು, ಇನ್ನೊಂದು ಕಡೆ ಬೂದು ಪಟ್ಟಿ. ಪಾಲಿಶ್ ಹಾಕಿದರೆ ಸರಿಹೋಗುತ್ತದೆಯೇ?
– ಓದುಗರು, ಶ್ರೀನಿವಾಸಪುರ

ಉತ್ತರ: ಪಾಲಿಶ್ ಸಹವಾಸವೇ ಬೇಡ. ಮ್ಯಾಟ್ ಪೇಂಟಿನ ಮೈ ಕಣ್ಣಿಗೆ ಕಾಣದಷ್ಟು ತರಿತರಿಯಾಗಿರುತ್ತದೆ. ಬೆಳಕು ಚೆದುರಿ ಹೊಳಪು ಸಾಯುವುದು ಅದರಿಂದಲೇ. ಉಜ್ಜಿದರೆ ತರಿ ಸವೆದು ಇನ್ನಷ್ಟು ಮಿರುಗುತ್ತದೆ.

ಆ ತರಿ ಕೊಡುವ ಪುಡಿ ಡಬ್ಬಿಯ ತಳದಲ್ಲಿ ಕೂತುಬಿಡುತ್ತದೆ. ಸರಿಯಾಗಿ ಕಲಕದೆ ಮೇಲಿನದನ್ನಷ್ಟೇ ಬಗ್ಗಿಸಿಕೊಂಡರೆ ಮಿರುಗು ಬಂದೇ ಬರುತ್ತದೆ. ಚಪ್ಪಟೆ ಕಡ್ಡಿಯಿಂದ ತಳ ಕೆರೆದು ಕಲಕಿ, ಸೋಸಿ, ಹೊಡೆಯುವಾಗಲೂ ಗನ್ನಿನ ಪೇಂಟ್ ಬಟ್ಟಲನ್ನು ಆಗಾಗ ಅಲುಗಿಸಿ. ಲೀಟರಿಗೆ 150ರಿಂದ 200 ಮಿ.ಲೀ. ಸಿಂಥೆಟಿಕ್ ಎನಾಮಲ್ ಥಿನ್ನರ್ ಸಾಕು. ಎನ್‌ಸಿ (ನೈಟ್ರೋಸೆಲ್ಯುಲೋಸ್ ಪೇಂಟಿನ) ಥಿನ್ನರ್ ಬೆರೆಸಿದರೆ ಅಡಿಯ ಹಳೆ ಎನಾಮಲ್ ಸುಕ್ಕೇಳುವ ಅಪಾಯವಿದೆ.

ಬೂದು ಪಟ್ಟಿ ಬಿದ್ದಿರುವುದು ಬಹುಶಃ ಕೈಯಿಂದ, ಇಲ್ಲವೇ ಬಿಸಿಲಿನಿಂದ. ಮಣಿಕಟ್ಟು ತಿರುಗಿಸಿ ಗನ್ ಬೀಸಿದರೆ ನಡುವೆ ದಪ್ಪ, ತುದಿಗಳಲ್ಲಿ ತೆಳು. ಏಳೆಂಟು ಅಂಗುಲ ದೂರ ಕಾಯ್ದುಕೊಂಡು, ತೋಳನ್ನೇ ಸಮಾನಾಂತರವಾಗಿ ಸರಿಸಿ. ಪ್ರತಿ ಪಟ್ಟಿಯೂ ಹಿಂದಿನದರ ಅರ್ಧವನ್ನು ಮುಚ್ಚಬೇಕು. 1.4 ಮಿ.ಮೀ. ನಾಜಲ್‌ಗೆ 40 ಪಿಎಸ್‌ಐ ಆಸುಪಾಸಿನ ಒತ್ತಡದಿಂದ ಶುರುಮಾಡಿ, ಹಳೆ ತಗಡಿನ ಮೇಲೆ ಹೊಡೆದು ನೋಡಿ ಹೊಂದಿಸಿಕೊಳ್ಳಿ. ಕೋಲಾರದ ಏಪ್ರಿಲ್ ಬಿಸಿಲಿಗೆ ಕಾದ ತಗಡಿನ ಮೇಲೆ ಹನಿ ಹರಡುವ ಮೊದಲೇ ಒಣಗಿ ಪುಡಿಪುಡಿಯಾಗಿ ಕೂರುತ್ತದೆ. ಗಾಳಿ ಏಳುವ ಮುಂಚೆ, ಬೆಳಗ್ಗೆಯೇ ನೆರಳಲ್ಲಿ ಕೆಲಸ ಮುಗಿಸಿ. ಧೂಳು ಏಳದಂತೆ ಮೊದಲೇ ನೆಲಕ್ಕೆ ನೀರು ಚಿಮುಕಿಸಿ. ಕಂಪ್ರೆಸರ್ ಲೈನಿನಲ್ಲಿ ಗಾಳಿಯ ನೀರು ಹಿಡಿಯುವ ವಾಟರ್ ಟ್ರ್ಯಾಪ್ ಇರಲಿ.

ಈಗಿನ ಕೋಟು ಎರಡು ಮೂರು ದಿನ ಗಟ್ಟಿಯಾಗಲಿ. 400 ನಂಬರ್ ವಾಟರ್ ಪೇಪರಿನಲ್ಲಿ (ನೀರು ಹಾಕಿ ಉಜ್ಜುವ ಉಪ್ಪು ಕಾಗದ) ಉಜ್ಜಿ, ತೊಳೆದು ಒಣಗಿಸಿ. ತಗಡು ಬಯಲಾದ ಕಡೆ ರೆಡ್ ಆಕ್ಸೈಡ್ ಪ್ರೈಮರ್ ಹಚ್ಚಿ ರಾತ್ರಿಯಿಡೀ ಬಿಟ್ಟು, ಮತ್ತೆ ಹಗುರವಾಗಿ ಉಜ್ಜಿ. ಆಮೇಲೆ ಎರಡು ತೆಳು ಕೋಟು, ನಡುವೆ 15–20 ನಿಮಿಷ. ಮೂರನೆಯದು ಬೇಕೆನಿಸಿದರೆ ಅರೆ ಒಣಗಿದ್ದಾಗ ಹೊಡೆಯಬೇಡಿ, ಸುಕ್ಕು ಬರುತ್ತದೆ. ಮರುದಿನ ನೋಡೋಣ. ತೇಪೆ ಹಾಕುವ ಆಸೆ ಬಿಡಿ: ಮ್ಯಾಟ್‌ನಲ್ಲಿ ತೇಪೆ ಎದ್ದು ಕಾಣುತ್ತದೆ, ಅಂಚಿನಿಂದ ಅಂಚಿಗೆ ಇಡೀ ಬಾನೆಟ್ ಒಟ್ಟಿಗೇ ಹೊಡೆಯಬೇಕು.

ಬಾಯಿಗೆ ಕರ್ಚೀಫ್ ಸಾಲದು, ಪೇಂಟಿನ ಆವಿ ಸೋಸುವ ಕಾರ್ಟ್ರಿಜ್ ಮಾಸ್ಕ್ ಹಾಕಿ. ಹತ್ತಿರ ಬೀಡಿ, ಒಲೆ ಬೇಡ.

ಪ್ರಶ್ನೆ: ಬಿಳಿ ಜೀಪನ್ನು ಪೂರ್ತಿ ಮ್ಯಾಟ್ ಕಪ್ಪು ಮಾಡಿಸಬಹುದೇ?
– ಓದುಗರು, ಮುಳಬಾಗಿಲು

ಉತ್ತರ: ಆರ್‌ಸಿಯಲ್ಲಿ ಬಣ್ಣ ನಮೂದಾಗಿರುತ್ತದೆ. ಮೊದಲು ಆರ್‌ಟಿಒ ಕಚೇರಿಯಲ್ಲಿ ಅನುಮತಿ ಕೇಳಿ, ಪೇಂಟ್ ಆಮೇಲೆ ತನ್ನಿ.